ಕಲಿಸುವ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ: ಅಮ್ಮನನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ನನ್ನ ತಾಯಿಗೆ 58 ವರ್ಷ. ಮೂಲತಃ ವಿಜಯಪುರ ಜಿಲ್ಲೆಯವರು, ಕನ್ನಡ ಬಿಟ್ಟು ಬೇರೆ ಭಾಷೆ ಓದಲು ಬರುವುದಿಲ್ಲ. ಎಡಗೈ ತಾನಾಗಿಯೇ ಅದುರುತ್ತಿದ್ದ ಕಾರಣ ಎಂಆರ್‌ಐ ಮಾಡಿಸಿದಾಗ, ತಲೆಯ ಬಲಭಾಗದಲ್ಲಿ ಸುಮಾರು 4 ಸೆಂ.ಮೀ. ಗಾತ್ರದ ಮೆನಿಂಜಿಯೋಮಾ ಗಡ್ಡೆ ಇದೆ ಎಂದು ತಿಳಿಯಿತು. ಮುಂಬಯಿಯ ನಗರಪಾಲಿಕೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರ ನ್ಯೂರೋಸರ್ಜರಿ ವಿಭಾಗದಲ್ಲಿ ಆಪರೇಷನ್‌ಗೆ ಹೆಸರು ಬರೆಸಿದ್ದೇವೆ. ಅಲ್ಲಿ ಹೋದಾಗಲೆಲ್ಲ ಬೇರೆ ಬೇರೆ ಯುವ ಡಾಕ್ಟರುಗಳು ನೋಡುತ್ತಾರೆ. ಗಡ್ಡೆಯ ಭಾಗವನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಪತ್ರವನ್ನೂ ಕೊಟ್ಟಿದ್ದಾರೆ. ಅದು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿದೆ. ಕಲಿಯುವವರ ಕೈಗೆ ಅಮ್ಮನ ತಲೆಯನ್ನು ಒಪ್ಪಿಸಬಹುದೇ? ಅವರ ಮೇಲೆ ಪ್ರಯೋಗ ನಡೆಯುತ್ತದೆಯೇ? ಸಾಲ ಮಾಡಿಯಾದರೂ ಖಾಸಗಿ ಆಸ್ಪತ್ರೆಗೆ ಹೋಗಬೇಕೇ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಬೇಕೇ? ಅಮ್ಮನಿಗೆ ಇನ್ನೂ ಗಡ್ಡೆಯ ವಿಷಯ ಹೇಳಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬೇರು ಒಂದೇ. ಚಿಕಿತ್ಸೆ, ತರಬೇತಿ, ಸಂಶೋಧನೆ ಮೂರೂ ಒಂದೇ ಸೂರಿನಡಿ ನಡೆಯುವ ಕಡೆ ರೋಗಿಯ ಹಿತ ಹಿಂದೆ ಬೀಳುತ್ತದೆಯೇ ಎಂಬುದು ನಿಮ್ಮ ಆತಂಕ. ಬಹುಕಾಲ ಇಂಥ ವಿಭಾಗಗಳಲ್ಲಿ ಕೆಲಸ ಮಾಡಿದ ಶಸ್ತ್ರಚಿಕಿತ್ಸಕನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಚೆನ್ನಾಗಿ ನಡೆಯುವ ವಿಭಾಗದಲ್ಲಿ ಈ ಮೂರೂ ಒಂದನ್ನೊಂದು ಕಾಯುತ್ತವೆ. ಆದರೆ ಯಾರು ಏನು ಮಾಡುತ್ತಾರೆ, ಯಾವುದಕ್ಕೆ ಒಪ್ಪಿಗೆ ಕೇಳುತ್ತಿದ್ದಾರೆ ಎಂಬುದನ್ನು ನೀವು, ಅದಕ್ಕಿಂತ ಮುಖ್ಯವಾಗಿ ನಿಮ್ಮ ತಾಯಿಯವರು, ಕೇಳಿ ತಿಳಿದುಕೊಂಡಾಗ ಮಾತ್ರ ಆ ಕಾವಲಿನ ಪೂರ್ತಿ ಪ್ರಯೋಜನ ನಿಮಗೆ ಸಿಗುತ್ತದೆ.

ಮೊದಲು ಕಾಯಿಲೆಯ ವಿಷಯ. ಮೆನಿಂಜಿಯೋಮಾ ಮೆದುಳಿನೊಳಗೆ ಹುಟ್ಟುವ ಗಡ್ಡೆಯಲ್ಲ, ಮೆದುಳನ್ನು ಸುತ್ತಿರುವ ಪೊರೆಗಳಲ್ಲಿ ಹುಟ್ಟಿ ಮೆದುಳನ್ನು ಹೊರಗಿನಿಂದ ಒತ್ತುವ ಗಡ್ಡೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸುತ್ತದೆ, ಹೆಚ್ಚಿನವು ನಿಧಾನವಾಗಿ ಬೆಳೆಯುತ್ತವೆ, ಮತ್ತು ಬಹುಪಾಲು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 1ನೇ ದರ್ಜೆಗೆ, ಅಂದರೆ ಕ್ಯಾನ್ಸರಿನಂತೆ ವರ್ತಿಸದ ಗುಂಪಿಗೆ ಸೇರುತ್ತವೆ. ಬಲಬದಿಯ ಮೆದುಳಿನಲ್ಲಿ ಎಡಗೈಯ ಚಲನೆಯನ್ನು ನಡೆಸುವ ಭಾಗವಿದ್ದು, ಗಡ್ಡೆ ಅದನ್ನು ಕೆರಳಿಸಿದಾಗ ಕೈ ಅದುರುತ್ತದೆ. ಅದೂ ಫಿಟ್ಸ್‌ನ ಒಂದು ರೂಪವೇ. ಆದ್ದರಿಂದ ವೈದ್ಯರು ಕೊಟ್ಟಿರುವ ಫಿಟ್ಸ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು. ಇಂಥ ಗಡ್ಡೆಗೆ ಸರದಿಯಲ್ಲಿ ಕೆಲವು ವಾರ ಕಾಯುವುದು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ಫಿಟ್ಸ್ 5 ನಿಮಿಷ ಮೀರಿ ನಿಲ್ಲದಿದ್ದರೆ, ಎಚ್ಚರ ಮಂಕಾಗುತ್ತಾ ಬಂದರೆ, ವಾಂತಿಯೊಡನೆ ತಲೆನೋವು ಏರಿದರೆ, ಕೈಕಾಲಿನ ಬಲ ಕುಗ್ಗಿದರೆ ಓಪಿಡಿಯ ದಿನಕ್ಕಾಗಿ ಕಾಯದೆ ನೇರವಾಗಿ ಅಪಘಾತ ಮತ್ತು ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಈಗ "ಕಲಿಯುವವರು" ಎಂಬ ಮಾತಿಗೆ ಬರೋಣ. ನೀವು ಓಪಿಡಿಯಲ್ಲಿ ಕಂಡ ಯುವ ಡಾಕ್ಟರು ಕಾಲೇಜು ವಿದ್ಯಾರ್ಥಿಯಲ್ಲ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಜನರಲ್ ಸರ್ಜರಿಯ ಎಂಎಸ್‌ಗೆ 3 ವರ್ಷ, ಬಳಿಕ ನೀಟ್ ಎಸ್‌ಎಸ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಸ್ಥಾನ ಗಿಟ್ಟಿಸಿ ನ್ಯೂರೋಸರ್ಜರಿಯ ಉನ್ನತ ಪದವಿಯಾದ ಎಂಸಿಎಚ್‌ಗೆ 3 ವರ್ಷ. ಹೀಗೆ ತಜ್ಞ ಎನಿಸಿಕೊಳ್ಳಲು 11 ವರ್ಷಕ್ಕೂ ಹೆಚ್ಚು ಕಾಲ ಬೇಕು. ಎಂಬಿಬಿಎಸ್ ಮುಗಿದ ಕೂಡಲೇ ಸೇರಿಕೊಂಡು 6 ವರ್ಷ ಕಲಿಯುವ ದಾರಿಯೂ ಇದೆ, ಆದರೆ ಮುಂಬಯಿಯ ನಗರಪಾಲಿಕೆಯ ಕಾಲೇಜುಗಳಲ್ಲಿ ನೀವು ಕಾಣುವ ಎಂಸಿಎಚ್ ರೆಸಿಡೆಂಟರಲ್ಲಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ತರಬೇತಿ ಪಡೆಯುವ ಡಾಕ್ಟರುಗಳಲ್ಲಿ, ಹೆಚ್ಚಿನವರು ಆಗಲೇ ಜನರಲ್ ಸರ್ಜನ್ ಆಗಿ ತೇರ್ಗಡೆಯಾದವರು. ಅಪೆಂಡಿಕ್ಸ್, ಹರ್ನಿಯಾ, ಕರುಳಿನ ಆಪರೇಷನ್‌ಗಳನ್ನು ಸ್ವತಂತ್ರವಾಗಿ ಮಾಡಲು ಅರ್ಹತೆ ಪಡೆದ ಬಳಿಕವೇ ಅವರು ಮೆದುಳಿನ ಶಸ್ತ್ರಚಿಕಿತ್ಸೆಯ ಮೊದಲ ಮೆಟ್ಟಿಲಿಗೆ ಬರುತ್ತಾರೆ.

ಆಪರೇಷನ್ ಥಿಯೇಟರಿನಲ್ಲಿ ಕೆಲಸ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಭಯದ ಮೂಲ ಅಲ್ಲಿದೆ. ಅರಿವಳಿಕೆ ಕೊಡುವ ಮೊದಲೊಮ್ಮೆ, ಚರ್ಮ ಕತ್ತರಿಸುವ ಮೊದಲು ತಂಡದವರೆಲ್ಲ ನಿಂತು ಮತ್ತೊಮ್ಮೆ, ರೋಗಿಯ ಹೆಸರು, ಮಾಡಬೇಕಾದ ಆಪರೇಷನ್, ಗಡ್ಡೆ ಇರುವ ಬದಿ ಇವುಗಳನ್ನು ಗಟ್ಟಿಯಾಗಿ ಓದಿ ತಾಳೆ ನೋಡುವ ಕ್ರಮವಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಜಾರಿಗೆ ತಂದ ಈ ಪಟ್ಟಿ, ಎಡ ಬಲ ತಪ್ಪುವ ಅಪಾಯವಿರುವ ನಮ್ಮ ವಿಭಾಗಕ್ಕೆ ಬಹಳ ಮುಖ್ಯವಾದದ್ದು. ಅರಿವಳಿಕೆ ಆದ ಮೇಲೆ ತಲೆಯನ್ನು ಮೂರು ಮೊನೆಗಳ ಹಿಡಿತದಲ್ಲಿ ಅಲುಗದಂತೆ ನಿಲ್ಲಿಸುತ್ತಾರೆ. ನೆತ್ತಿಯ ಚರ್ಮವನ್ನು ಬಿಡಿಸಿ, ತಲೆಬುರುಡೆಯಲ್ಲಿ ರಂಧ್ರ ಮಾಡಿ, ಮೂಳೆಯ ತುಂಡನ್ನು ಎತ್ತುವವರೆಗಿನ ಕೆಲಸವನ್ನು ಸಾಮಾನ್ಯವಾಗಿ ಹಿರಿಯ ರೆಸಿಡೆಂಟ್ ಅಧ್ಯಾಪಕರ ಎದುರಿನಲ್ಲಿ ಮಾಡುತ್ತಾರೆ. ಪೊರೆಯನ್ನು ತೆರೆದು, ಸೂಕ್ಷ್ಮದರ್ಶಕವನ್ನು ತಲೆಯ ಮೇಲಕ್ಕೆ ತಂದ ಮೇಲೆ ನಡೆಯುವ ಕೆಲಸ ಬೇರೆಯದೇ. ಗಡ್ಡೆಯನ್ನು ಒಳಗಿನಿಂದ ಟೊಳ್ಳು ಮಾಡುತ್ತಾ ಕುಗ್ಗಿಸಿ, ಅದರ ಅಂಚನ್ನು ಮೆದುಳಿನ ಮೈಯಿಂದ ಕೂದಲೆಳೆಯಷ್ಟು ಅಂತರದಲ್ಲಿ ಬೇರ್ಪಡಿಸಿ, ಅಲ್ಲಿ ಹಾದುಹೋಗುವ ಪ್ರತಿಯೊಂದು ರಕ್ತನಾಳವೂ ಗಡ್ಡೆಗೆ ಸೇರಿದ್ದೋ ಮೆದುಳಿಗೆ ಸೇರಿದ್ದೋ ಎಂದು ನಿಶ್ಚಯಿಸಿಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಈ ಭಾಗವನ್ನು ಸಾಮಾನ್ಯವಾಗಿ ಪ್ರಾಧ್ಯಾಪಕರು ಅಥವಾ ಅನುಭವಿ ಸಹ ಪ್ರಾಧ್ಯಾಪಕರು ಮಾಡುತ್ತಾರೆ. ರೆಸಿಡೆಂಟ್ ಅದೇ ಸೂಕ್ಷ್ಮದರ್ಶಕದ ಎರಡನೆಯ ಕಣ್ಣಿನ ಕೊಳವೆಯಲ್ಲಿ, ಸರ್ಜನ್ ಕಾಣುವುದನ್ನೇ ಕಾಣುತ್ತಾ ನೆರವಾಗುತ್ತಾರೆ. ಕೊನೆಗೆ ಪೊರೆಯನ್ನು ಮುಚ್ಚಿ, ಮೂಳೆಯನ್ನು ಟೈಟಾನಿಯಂ ಪಟ್ಟಿಗಳಿಂದ ಕೂರಿಸಿ, ಚರ್ಮ ಹೊಲಿಯುವ ಕೆಲಸ ಮತ್ತೆ ರೆಸಿಡೆಂಟರ ಪಾಲಿಗೆ ಬರುತ್ತದೆ.

ವರ್ಷದಿಂದ ವರ್ಷಕ್ಕೆ ಈ ಪಾಲು ದೊಡ್ಡದಾಗುತ್ತದೆ. ಆದರೆ ರೋಗಿಯ ಮೇಲೆ ಕೈಯಿಡುವ ಮೊದಲು ಕಲಿಯುವುದು ಬೇಕಾದಷ್ಟಿದೆ. ಒಳ್ಳೆಯ ವಿಭಾಗಗಳಲ್ಲಿ ಪ್ರಯೋಗಾಲಯವೊಂದನ್ನು ಇಟ್ಟುಕೊಂಡು, ಕೋಳಿಯ ರೆಕ್ಕೆಯಲ್ಲಿರುವ ಸಣ್ಣ ರಕ್ತನಾಳವನ್ನು ಕತ್ತರಿಸಿ, ಬರಿಗಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ತೆಳುವಾದ ದಾರದಿಂದ ಸೂಕ್ಷ್ಮದರ್ಶಕದಡಿ ಮತ್ತೆ ಹೊಲಿಯುವ ಅಭ್ಯಾಸ ಮಾಡಿಸುತ್ತಾರೆ. ದಾನವಾಗಿ ಬಂದ ಮೃತದೇಹಗಳ ಮೇಲೆ ಮೂಳೆ ಕೊರೆಯುವ ಕೌಶಲವನ್ನು ರೂಢಿಸಿಕೊಳ್ಳುತ್ತಾರೆ. ದೇಹದಾನ ಮಾಡಿದ ಆ ಹಿರಿಯರ ಋಣ ನಮ್ಮ ವೃತ್ತಿಯ ಮೇಲೆ ಎಷ್ಟಿದೆಯೆಂದು ಹೇಳಿ ಮುಗಿಯದು.

ಆಪರೇಷನ್‌ನಷ್ಟೇ ಮುಖ್ಯವಾದದ್ದು ಅದರ ನಂತರದ ರಾತ್ರಿ, ಮತ್ತು ಅಲ್ಲಿ ನಿಮ್ಮ ತಾಯಿಯವರನ್ನು ಕಾಯುವವರು ಈ ಯುವ ಡಾಕ್ಟರುಗಳೇ. ತಲೆಬುರುಡೆಯೊಳಗೆ ರಕ್ತಸ್ರಾವವಾದರೆ ಅದರ ಮೊದಲ ಸುಳಿವು ಯಂತ್ರದಲ್ಲಿ ಕಾಣುವುದಕ್ಕಿಂತ ಮುಂಚೆ ರೋಗಿಯ ನಡವಳಿಕೆಯಲ್ಲಿ ಕಾಣುತ್ತದೆ. ಅದಕ್ಕಾಗಿ ಗಂಟೆಗೊಮ್ಮೆ ಮಂಚದ ಬಳಿ ಬಂದು ಕಣ್ಣು ತೆರೆಯುತ್ತಾರೆಯೇ, ಮಾತು ಸರಿಯಾಗಿದೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾರೆಯೇ ಎಂದು ನೋಡಿ ಅಂಕ ಹಾಕುತ್ತಾರೆ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15. ಇದು 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ರೂಪಿಸಿದ ಗ್ಲಾಸ್ಗೋ ಮಾಪನ. ಜೊತೆಗೆ ಟಾರ್ಚು ಬಿಟ್ಟು ಎರಡೂ ಕಣ್ಣಿನ ಪಾಪೆ ಒಂದೇ ಸಮನಾಗಿ ಕುಗ್ಗುತ್ತವೆಯೇ ಎಂದು ನೋಡುತ್ತಾರೆ. 15 ಇದ್ದ ಅಂಕ ನಡುರಾತ್ರಿಯಲ್ಲಿ 13ಕ್ಕೆ ಇಳಿದರೆ ತಕ್ಷಣ ಸಿಟಿ ಸ್ಕ್ಯಾನ್ ಮಾಡಿಸಿ, ಅಗತ್ಯ ಬಿದ್ದರೆ ಆ ಹೊತ್ತಿನಲ್ಲೇ ಥಿಯೇಟರಿಗೆ ಒಯ್ಯುವ ನಿರ್ಧಾರ ಆಗಬೇಕು. ಹಗಲಿರುಳೂ ನ್ಯೂರೋಸರ್ಜರಿಯ ರೆಸಿಡೆಂಟ್ ವಾರ್ಡಿನಲ್ಲಿ ಇರುವ ಆಸ್ಪತ್ರೆಯಲ್ಲಿ ಇದು ನಿಮಿಷಗಳ ಮಾತು. ತಜ್ಞರು ಮನೆಯಿಂದ ಬರಬೇಕಾದ ಕಡೆ, ರಾತ್ರಿಯ ಹೊತ್ತಿಗೆ ವಾರ್ಡಿನಲ್ಲಿ ಬೇರೆ ಶಾಸ್ತ್ರದ ಡ್ಯೂಟಿ ಡಾಕ್ಟರು ಮಾತ್ರ ಇರುವ ಕಡೆ, ಇದು ತಡವಾಗಬಹುದು. ಖಾಸಗಿ ಆಸ್ಪತ್ರೆಯನ್ನು ವಿಚಾರಿಸುವಾಗ ಕೋಣೆಯ ದರಕ್ಕಿಂತ ಮೊದಲು ಈ ಪ್ರಶ್ನೆಯನ್ನು ಕೇಳಿ.

ಇನ್ನು ಸಂಶೋಧನೆ. "ಪ್ರಯೋಗ" ಎಂದ ಕೂಡಲೇ ಮನಸ್ಸು ಹೆದರುವುದು ಸಹಜ. ಆದರೆ ಆಸ್ಪತ್ರೆಯಲ್ಲಿ ನಡೆಯುವ ಸಂಶೋಧನೆಯಲ್ಲಿ ಬಗೆಗಳಿವೆ, ಅವುಗಳ ಅಪಾಯವೂ ಬೇರೆ ಬೇರೆ. ಒಂದು, ಹಿಂದಿನ ರೋಗಿಗಳ ದಾಖಲೆಗಳನ್ನು ಅಭ್ಯಾಸ ಮಾಡುವುದು. ಮೆನಿಂಜಿಯೋಮಾವನ್ನು ಎಷ್ಟು ಪೂರ್ತಿಯಾಗಿ ತೆಗೆದರೆ ಅದು ಮರುಕಳಿಸುವ ಸಾಧ್ಯತೆ ಎಷ್ಟು ಎಂಬುದನ್ನು 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ತೋರಿಸಿಕೊಟ್ಟದ್ದು ಇಂಥ ದಾಖಲೆಗಳಿಂದಲೇ. ಗಡ್ಡೆಯ ಜೊತೆ ಅದು ಅಂಟಿಕೊಂಡ ಪೊರೆಯನ್ನೂ, ಕೆಟ್ಟ ಮೂಳೆಯನ್ನೂ ತೆಗೆದರೆ ಮೊದಲ ದರ್ಜೆ ಎಂದು ಅವರು ಮಾಡಿದ ವಿಂಗಡಣೆಯನ್ನು ಇಂದಿಗೂ ಆಪರೇಷನ್ ಟಿಪ್ಪಣಿಯಲ್ಲಿ ಬರೆಯುತ್ತೇವೆ. ಎರಡನೆಯದು, ತೆಗೆದ ಗಡ್ಡೆಯ ಅಭ್ಯಾಸ. ನಿಮಗೆ ಕೊಟ್ಟಿರುವ ಪತ್ರ ಇದಕ್ಕೆ ಸಂಬಂಧಿಸಿದ್ದು. ಗಡ್ಡೆ ಹೇಗೂ ರೋಗನಿರ್ಣಯಕ್ಕಾಗಿ ಪ್ಯಾಥಾಲಜಿ ವಿಭಾಗಕ್ಕೆ ಹೋಗಲೇಬೇಕು. ಅಲ್ಲಿ ಅಗತ್ಯವಾದಷ್ಟನ್ನು ಬಳಸಿದ ಮೇಲೆ ಉಳಿಯುವ ಭಾಗವನ್ನು ಶೇಖರಿಸಿಡಲು ಅನುಮತಿ ಕೇಳುತ್ತಾರೆ. ಇದರಿಂದ ನಿಮ್ಮ ತಾಯಿಯವರ ತಲೆಯಿಂದ ಹೆಚ್ಚಿಗೆ ಏನನ್ನೂ ಕತ್ತರಿಸುವುದಿಲ್ಲ. ಇದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡಿ. ಬರೆದಿಲ್ಲದಿದ್ದರೆ ಕೇಳಿ. 22ನೇ ವರ್ಣತಂತುವಿನಲ್ಲಿರುವ ಎನ್‌ಎಫ್2 ಎಂಬ ಜೀನ್ ಕೆಡುವುದಕ್ಕೂ ಈ ಗಡ್ಡೆಗೂ ನಂಟಿದೆ ಎಂದು ಗೊತ್ತಾದದ್ದು, ಕೆಲವು ಜೀನ್ ಬದಲಾವಣೆಗಳಿದ್ದರೆ ಸೂಕ್ಷ್ಮದರ್ಶಕದಲ್ಲಿ ಸೌಮ್ಯವಾಗಿ ಕಾಣುವ ಗಡ್ಡೆಯನ್ನೂ 3ನೇ ದರ್ಜೆ ಎಂದೇ ಪರಿಗಣಿಸಬೇಕೆಂದು 2021ರ ವರ್ಗೀಕರಣದಲ್ಲಿ ಸೇರಿದ್ದು, ಎಲ್ಲವೂ ಯಾರೋ ರೋಗಿಗಳು ತಮ್ಮ ಗಡ್ಡೆಯ ತುಣುಕನ್ನು ಕೊಟ್ಟದ್ದರಿಂದ ಸಾಧ್ಯವಾಯಿತು. ಮೂರನೆಯ ಬಗೆ, ಹೊಸ ಔಷಧಿ ಅಥವಾ ಉಪಕರಣವನ್ನು ರೋಗಿಯ ಮೇಲೆ ಪರೀಕ್ಷಿಸುವುದು. ಇಲ್ಲಿ ಮಾತ್ರ ನಿಜವಾದ ಅಪಾಯದ ಲೆಕ್ಕ ಹಾಕಬೇಕು. ಹೊಸ ಔಷಧಿಗಾದರೆ ಔಷಧ ಪ್ರಯೋಗಗಳ ಕುರಿತ 2019ರ ನಿಯಮಗಳು, ಉಪಕರಣಕ್ಕಾದರೆ ವೈದ್ಯಕೀಯ ಉಪಕರಣಗಳ ಕುರಿತ 2017ರ ನಿಯಮಗಳು ಅನ್ವಯಿಸುತ್ತವೆ, ಪ್ರಯೋಗವನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸಿರಬೇಕು, ಹಾನಿಯಾದರೆ ಪರಿಹಾರ ಕೊಡಬೇಕು. ನೀವು ವಿವರಿಸಿದಂತೆ ನಿಮ್ಮ ತಾಯಿಯವರ ವಿಷಯದಲ್ಲಿ ಇದು ಬಂದಿಲ್ಲ.

ಯಾವ ಬಗೆಯದಾದರೂ ಆಸ್ಪತ್ರೆಯ ನೀತಿ ಸಮಿತಿಯ ಮುಂದೆ ಹೋಗಬೇಕು. ಆ ಸಮಿತಿಯ ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು, ಸದಸ್ಯರಲ್ಲಿ ಕಾನೂನು ಬಲ್ಲವರೂ ವೈದ್ಯರಲ್ಲದ ಸಾಮಾನ್ಯ ನಾಗರಿಕರೂ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆಯ ವಿವರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಬೇಡವೆಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗಬಾರದು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂ ಬಹುದು. ಕನ್ನಡದ ಪ್ರತಿ ಕೇಳಲು ಸಂಕೋಚಪಡಬೇಡಿ. ಇಲ್ಲವೆಂದರೆ, ಓದಿ ಕನ್ನಡದಲ್ಲಿ ವಿವರಿಸುವವರೊಬ್ಬರು ಬೇಕೆಂದೂ, ಅವರು ಸಾಕ್ಷಿಯಾಗಿ ಸಹಿ ಹಾಕಬೇಕೆಂದೂ ವಿಭಾಗದ ಸಮಾಜ ಸೇವಾ ಅಧಿಕಾರಿಯನ್ನು ಕೇಳಿ. ಈ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಕನ್ನಡವೋ ತುಳುವೋ ಬಲ್ಲ ಸಿಬ್ಬಂದಿ ಸಿಗುವುದು ಅಪರೂಪವೇನಲ್ಲ. ನನ್ನನ್ನು ಕೇಳಿದರೆ, ವಿವರ ಸರಿಯಾಗಿದ್ದು ತಾಯಿಯವರಿಗೂ ಒಪ್ಪಿಗೆಯಾದರೆ ಗಡ್ಡೆಯ ಉಳಿದ ಭಾಗವನ್ನು ಸಂಶೋಧನೆಗೆ ಕೊಡುವುದು ಒಳ್ಳೆಯ ಕೆಲಸವೆಂದೇ ಹೇಳುತ್ತೇನೆ.

"ತಾಯಿಯವರಿಗೂ ಒಪ್ಪಿಗೆಯಾದರೆ" ಎಂದೆ. ಆದರೆ ಅವರಿಗೆ ಗಡ್ಡೆಯ ವಿಷಯವೇ ಗೊತ್ತಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೂ ಇದನ್ನು ನಾನು ಒಪ್ಪಲಾರೆ. ಪೂರ್ತಿ ಎಚ್ಚರವಿರುವ, ಯೋಚಿಸಬಲ್ಲ ವಯಸ್ಕರ ಪರವಾಗಿ ಮಕ್ಕಳು ಸಹಿ ಹಾಕುವಂತಿಲ್ಲ. ರೋಗಿ ತಾನೇ ನಿರ್ಧರಿಸಬಲ್ಲ ಸ್ಥಿತಿಯಲ್ಲಿದ್ದಾಗ, ತುರ್ತು ಇಲ್ಲದಿದ್ದಾಗ, ಮನೆಯವರ ಒಪ್ಪಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ 2008ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಕಾನೂನಿನ ಮಾತು ಹಾಗಿರಲಿ. ತಲೆಗೂದಲು ಬೋಳಿಸಿ ಥಿಯೇಟರಿಗೆ ಒಯ್ಯುವ ಮುಂಜಾನೆ ಅವರಿಗೆ ಹೇಗೂ ಎಲ್ಲ ತಿಳಿಯುತ್ತದೆ, ಆಗ ಕೇಳಲು ಬಿಡುವು ಇರುವುದಿಲ್ಲ. ಗಡ್ಡೆ ಪೊರೆಯಲ್ಲಿದೆ, ಹೆಚ್ಚಿನವು ಕ್ಯಾನ್ಸರ್ ಅಲ್ಲ, ತೆಗೆದರೆ ಕೈ ಅದುರುವುದು ಕಡಿಮೆಯಾಗುವ ನಿರೀಕ್ಷೆಯಿದೆ, ರಕ್ತಸ್ರಾವ, ಸೋಂಕು, ಎಡಗೈ ಬಲ ಕುಂದುವುದು, ಮತ್ತೆ ಫಿಟ್ಸ್ ಬರುವುದು ಇವು ಅಪಾಯಗಳು. ಇಷ್ಟನ್ನು ಮನೆಯಲ್ಲಿ, ಅವರ ಮಾತಿನಲ್ಲಿ, ಇವತ್ತೇ ಹೇಳಬಹುದು. ಮಿಕ್ಕದ್ದನ್ನು ಅವರೇ ಡಾಕ್ಟರನ್ನು ಕೇಳಲಿ.

ನಗರಪಾಲಿಕೆಯ ಆಸ್ಪತ್ರೆ ಎಂದು ಅಳುಕಬೇಡಿ ಎನ್ನಲು ಒಂದು ಉದಾಹರಣೆ ಕೊಡುತ್ತೇನೆ. ಪರೇಲಿನ ಕೆಇಎಂ ಆಸ್ಪತ್ರೆ ಮತ್ತು ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜು 1926ರಲ್ಲಿ ಆರಂಭವಾದವು. ಅಲ್ಲಿ ನ್ಯೂರೋಸರ್ಜರಿ ವಿಭಾಗವನ್ನು ಕಟ್ಟಿದವರು ಡಾ. ಹೋಮಿ ದಸ್ತೂರ್. ಅದೇ ವಿಭಾಗದ ಡಾ. ಸುನಿಲ್ ಪಂಡ್ಯಾ ಶಸ್ತ್ರಚಿಕಿತ್ಸೆಯ ಜೊತೆಗೆ ವೈದ್ಯರ ನೀತಿ ನಡತೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದವರು. ಕುತ್ತಿಗೆಯ ಮೊದಲೆರಡು ಮೂಳೆಗಳು ಒಂದರ ಮೇಲೊಂದು ಜಾರಿ ಮಿದುಳುಬಳ್ಳಿಯನ್ನು ಅದುಮುವ ಕಾಯಿಲೆಗೆ ಮುಂಚೆ ತಂತಿ ಸುತ್ತಿ ಬಿಗಿಯುವುದೇ ಹೆಚ್ಚಾಗಿ ರೂಢಿಯಲ್ಲಿತ್ತು. ಆ ಎರಡು ಮೂಳೆಗಳಿಗೆ ನೇರವಾಗಿ ಸ್ಕ್ರೂ ಹಾಕಿ ಪಟ್ಟಿಯಿಂದ ಜೋಡಿಸುವ ವಿಧಾನವನ್ನು ಕೆಇಎಂನ ಡಾ. ಅತುಲ್ ಗೋಯಲ್ ತಮ್ಮ ಸಹೋದ್ಯೋಗಿಯೊಂದಿಗೆ 1994ರಲ್ಲಿ ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಯುರ್ಗನ್ ಹಾರ್ಮ್ಸ್ ಅದನ್ನು ಪಟ್ಟಿಯ ಬದಲು ಸಲಾಕೆಯೊಂದಿಗೆ ಬಳಸಿದರು. ಇಂದು ಗೋಯಲ್-ಹಾರ್ಮ್ಸ್ ವಿಧಾನವೆಂದು ಹಲವು ದೇಶಗಳಲ್ಲಿ ಮಾಡುತ್ತಾರೆ. ಕಿಕ್ಕಿರಿದ ವಾರ್ಡುಗಳ ನಗರಪಾಲಿಕೆ ಆಸ್ಪತ್ರೆಯೊಂದರಲ್ಲಿ, ದಿನನಿತ್ಯದ ರೋಗಿಗಳ ಚಿಕಿತ್ಸೆಯ ನಡುವೆಯೇ ಹುಟ್ಟಿದ ಸಂಶೋಧನೆ ಇದು.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಐಸಿಯು ಹಾಸಿಗೆ ಖಾಲಿಯಿಲ್ಲದೆ, ಅಥವಾ ಲೋಕಲ್ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವರು ಬಂದದ್ದರಿಂದ, ಗೊತ್ತುಮಾಡಿದ ಆಪರೇಷನ್ ಮುಂದೆ ಹೋಗಬಹುದು. ಕೆಲವು ಔಷಧಿಗಳನ್ನು ಹೊರಗಿನಿಂದ ತರಲು ಚೀಟಿ ಕೊಡಬಹುದು. ವಿವರಿಸಿ ಮಾತಾಡಲು ಓಪಿಡಿಯಲ್ಲಿ ಸಮಯ ಸಿಗುವುದು ಕಷ್ಟ. ಖಾಸಗಿ ಆಸ್ಪತ್ರೆಯಲ್ಲಿ ಈ ತೊಂದರೆಗಳು ಕಡಿಮೆ, ಮತ್ತು ಮುಂಬಯಿಯ ಕೆಲವು ಖಾಸಗಿ ಮತ್ತು ಟ್ರಸ್ಟ್ ಆಸ್ಪತ್ರೆಗಳ ನ್ಯೂರೋಸರ್ಜರಿ ವಿಭಾಗಗಳು ಅತ್ಯುತ್ತಮವಾಗಿವೆ. ಆದರೆ ಸಾಲ ಮಾಡುವ ಮುನ್ನ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷೆ ಅದರಲ್ಲಿದೆ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗಳೂ ಇವೆ. ರೇಷನ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕಂಡರೆ ದಾರಿ ತೋರಿಸುತ್ತಾರೆ. ನಿಮ್ಹಾನ್ಸ್ ನಮ್ಮೆಲ್ಲರ ಹೆಮ್ಮೆಯ ಸಂಸ್ಥೆ, ತಾಯಿಯವರಿಗೆ ಭಾಷೆಯ ನೆಮ್ಮದಿಯೂ ಅಲ್ಲಿದೆ. ಆದರೂ ಈ ಗಡ್ಡೆಗೆ ಅಷ್ಟು ದೂರ ಹೋಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಹೊಲಿಗೆ ಬಿಚ್ಚಿಸುವುದು, ಪ್ಯಾಥಾಲಜಿ ವರದಿ, ಕೆಲವು ತಿಂಗಳ ಬಳಿಕ ಎಂಆರ್‌ಐ, ಆಮೇಲೆ ವರ್ಷಗಟ್ಟಲೆ ತಪಾಸಣೆ, ನಡುವೆ ಎಂದಾದರೂ ರಾತ್ರಿ ಫಿಟ್ಸ್ ಬಂದರೆ ಓಡಬೇಕಾದ ಜಾಗ, ಇವೆಲ್ಲ ಮನೆಗೆ ಹತ್ತಿರವಿರುವುದು ಲೇಸು.

ಮುಂದಿನ ಸಲ ಓಪಿಡಿಗೆ ಹೋದಾಗ ಯೂನಿಟ್ ಮುಖ್ಯಸ್ಥರು ಯಾರು, ಅವರ ಆಪರೇಷನ್ ದಿನ ಯಾವುದು ಎಂದು ಕೇಸ್ ಪೇಪರಿನಲ್ಲಿ ನೋಡಿಕೊಂಡು ಅವರನ್ನೇ ಭೇಟಿಯಾಗಿ. ಸೂಕ್ಷ್ಮದರ್ಶಕದ ಭಾಗವನ್ನು ಯಾರು ಮಾಡುತ್ತಾರೆ, ನೀವು ಥಿಯೇಟರಿನಲ್ಲಿ ಇರುತ್ತೀರಾ ಎಂದು ವಿನಯದಿಂದ, ಆದರೆ ನೇರವಾಗಿ ಕೇಳಿ. ಇದನ್ನು ಕೇಳಿದ್ದಕ್ಕೆ ಯಾವ ಒಳ್ಳೆಯ ಸರ್ಜನ್ನೂ ಮುನಿಸಿಕೊಳ್ಳುವುದಿಲ್ಲ. ಎಂಆರ್‌ಐ ಫಿಲ್ಮಿನ ಜೊತೆ ಸಿಡಿಯನ್ನೂ, ಕೈ ಅದುರಿದ ದಿನ, ಹೊತ್ತು, ಎಷ್ಟು ನಿಮಿಷ ಎಂಬುದನ್ನು ಬರೆದ ಪುಸ್ತಕವನ್ನೂ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಯಾವಾಗ ನಿಲ್ಲಿಸಬೇಕೆಂದು ಅವರು ಹೇಳುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ, ಮೆದುಳಿನ ಬಾವು ಇಳಿಸಲು ಕೊಡುವ ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತದೆ ಎಂಬುದು ಗಮನದಲ್ಲಿರಲಿ.

ಹೆಚ್ಚಿನವರಿಗೆ ಹೊಳೆಯದ ಒಂದು ಸಿದ್ಧತೆ ಇದೆ. ಆಪರೇಷನ್ ನಂತರದ ಅಂಕ ಹಾಕುವ ಪರೀಕ್ಷೆಯಲ್ಲಿ ಮಾತಿಗೇ 5 ಅಂಕವಿದೆ, ಚಲನೆಯ ಪೂರ್ತಿ 6 ಸಿಗಲೂ ಹೇಳಿದ್ದು ತಿಳಿಯಬೇಕು. ಅರಿವಳಿಕೆಯ ಮಂಪರಿನಲ್ಲಿರುವ ನಿಮ್ಮ ತಾಯಿಯವರನ್ನು ಸಿಸ್ಟರ್ ಮರಾಠಿಯಲ್ಲಿ ಹೆಸರು ಕೇಳಿದಾಗ ಅವರು ಸುಮ್ಮನಿದ್ದರೆ, ಅದು ಭಾಷೆ ತಿಳಿಯದ ಮೌನವೋ ಮೆದುಳಿನೊಳಗಿನ ತೊಂದರೆಯೋ ಎಂದು ತಿಳಿಯುವುದು ಕಷ್ಟ. ಕನ್ನಡದಲ್ಲಿ ಅವರೇನೋ ತಪ್ಪು ತಪ್ಪಾಗಿ ಹೇಳಿದರೂ ಕೇಳಿದವರಿಗೆ ಗೊತ್ತಾಗುವುದಿಲ್ಲ, ಇದು ಇನ್ನೂ ಅಪಾಯ. ಆದ್ದರಿಂದ "ನಿಮ್ಮ ಹೆಸರೇನು", "ಇದು ಯಾವ ಜಾಗ", "ಕಣ್ಣು ತೆಗೀರಿ", "ನನ್ನ ಕೈ ಗಟ್ಟಿಯಾಗಿ ಹಿಡೀರಿ", "ಎಡಗಾಲು ಎತ್ತಿ" ಎಂಬ ಮಾತುಗಳನ್ನು ನಿಮ್ಮ ಮನೆಯಲ್ಲಿ ಆಡುವ ಕನ್ನಡದಲ್ಲೇ ದೇವನಾಗರಿ ಅಕ್ಷರಗಳಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥವನ್ನೂ ಸರಿಯಾದ ಉತ್ತರವನ್ನೂ ಬರೆಯಿರಿ. ಎಡಗೈಯ ಬಲ ಆಪರೇಷನ್‌ಗೆ ಮೊದಲು ಎಷ್ಟಿತ್ತು ಎಂಬುದನ್ನೂ ಅದರಲ್ಲಿ ನಮೂದಿಸಲು ರೆಸಿಡೆಂಟರಿಗೆ ಹೇಳಿ. ಒಂದು ಪ್ರತಿಯನ್ನು ಕೇಸ್ ಪೇಪರಿಗೆ ಪಿನ್ ಮಾಡಿಸಿ, ಇನ್ನೊಂದನ್ನು ಐಸಿಯುವಿನ ರಾತ್ರಿ ಪಾಳಿಯ ಸಿಸ್ಟರ್ ಕೈಗೆ ಕೊಟ್ಟು ಒಮ್ಮೆ ಓದಿಸಿ ಬನ್ನಿ.